ಮತ್ತು ಇಳಿದ ಮೇಲೆ ರಕ್ತದಲ್ಲಿ ಏನು ಉಳಿಯುತ್ತದೆ?

ಕೋಲಾರದ ಮಂಡಿಯಲ್ಲಿ ಟೊಮ್ಯಾಟೊ ಮಾರಿ, ಹಣ ಜೇಬಿಗಿಟ್ಟುಕೊಂಡು ಯಲ್ದೂರಿನ ಕಡೆಯ ಬಸ್ಸು ಹತ್ತಿದ್ದೀರಿ ಎಂದಿಟ್ಟುಕೊಳ್ಳಿ. ಪಕ್ಕದ ಸೀಟಿನವರು ಸಲಾಂ ಹೇಳಿ, ಊರು-ಮನೆ ವಿಚಾರಿಸಿ, ಬಿಸ್ಕತ್ತು ಮುಂದೆ ಹಿಡಿಯುತ್ತಾರೆ. ಬೇಡ ಎನ್ನಲು ಸಂಕೋಚ. ಎಚ್ಚರವಾದಾಗ ನೀವು ಯಾವುದೋ ನಿಲ್ದಾಣದ ಬೆಂಚಿನ ಮೇಲಿದ್ದೀರಿ, ಜೇಬು ಖಾಲಿ. ಹೇಗೋ ಮನೆ ಸೇರಿದಿರಿ. ಮನೆಯವರು ಸ್ನಾನ ಮಾಡಿಸಿ, ಮಜ್ಜಿಗೆ ಕುಡಿಸಿ ಮಲಗಿಸುತ್ತಾರೆ. ಪೊಲೀಸ್ ಠಾಣೆಯ ನೆನಪಾಗುವುದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಸಾಕ್ಷ್ಯದ ಬಹುಪಾಲು ಬಚ್ಚಲಿನಲ್ಲಿ ಹರಿದುಹೋಗಿರುತ್ತದೆ.

ಇಂಥ ಕೆಲಸಕ್ಕೆ ಬಳಸುವುದು ಹೆಚ್ಚಾಗಿ ನಿದ್ರೆ ಮಾತ್ರೆಗಳನ್ನೇ. ಅವುಗಳಲ್ಲಿ ಕೆಲವು ದೇಹದಿಂದ ಬಹಳ ಬೇಗ ಹೊರಟುಹೋಗುತ್ತವೆ. ಜೋಲ್‌ಪಿಡೆಮ್ ಎಂಬ ಮಾತ್ರೆಯನ್ನೇ ನೋಡಿ. ಸುಮಾರು ಎರಡೂವರೆ ಗಂಟೆಗೊಮ್ಮೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಅರ್ಧದ ಅರ್ಧ, ಮತ್ತೆ ಅದರ ಅರ್ಧ ಎಂದು ಲೆಕ್ಕ ಹಾಕಿದರೆ ಹನ್ನೆರಡು ಗಂಟೆಗಳಲ್ಲಿ ನೂರಕ್ಕೆ ಮೂರು-ನಾಲ್ಕು ಪಾಲು ಉಳಿದೀತು. ಲೋರಾಜೆಪಾಮ್‌ನಂಥವು ಇನ್ನಷ್ಟು ಹೊತ್ತು ಇರುತ್ತವೆ. ಹೊರದೇಶಗಳಲ್ಲಿ ಪಾನೀಯಕ್ಕೆ ಬೆರೆಸುವ ಜಿಎಚ್‌ಬಿ ಎಂಬ ದ್ರವವಂತೂ ಮೂತ್ರದಲ್ಲಿ ಸಿಗುವುದು ಸುಮಾರು ಹನ್ನೆರಡು ಗಂಟೆ ಮಾತ್ರ. ರಕ್ತದಿಂದ ಔಷಧಿ ಮರೆಯಾದ ಮೇಲೂ ಅದರ ಅಂಶ ಮೂತ್ರದಲ್ಲಿ ಕೆಲಕಾಲ ಉಳಿಯುತ್ತದೆ. ಆದ್ದರಿಂದ ಎಚ್ಚರವಾದ ಮೇಲಿನ ಮೊದಲ ಮೂತ್ರಕ್ಕೆ ಬಹಳ ಬೆಲೆ.

ಹಾಗಾದರೆ ಏನು ಮಾಡಬೇಕು? ವ್ಯಕ್ತಿ ಇನ್ನೂ ಮಂಪರಿನಲ್ಲಿದ್ದರೆ ಜೀವ ಮೊದಲು, ಸಾಕ್ಷ್ಯ ಆಮೇಲೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ನೀರು, ಮಜ್ಜಿಗೆ, ಕಾಫಿ ಏನನ್ನೂ ಹಾಕಬೇಡಿ. 108ಕ್ಕೆ ಕರೆ ಮಾಡಿ. ಪೂರ್ತಿ ಎಚ್ಚರವಿದ್ದು ಮೂತ್ರ ತಡೆಯಲಾಗದಿದ್ದರೆ ಶುಚಿಯಾದ ಬಾಟಲಿಯಲ್ಲಿ ಹಿಡಿದು, ಮುಚ್ಚಳ ಹಾಕಿ, ಗಂಟೆ ಬರೆದಿಡಿ. ವಾಂತಿಯಾದ ಬಟ್ಟೆಯನ್ನು ಒಗೆಯಬೇಡಿ. ಉಳಿದ ಬಿಸ್ಕತ್ತು, ಲೋಟ, ಪೊಟ್ಟಣ ಎಲ್ಲವನ್ನೂ ಜೊತೆಗೆ ಒಯ್ಯಿರಿ. ಮನೆಯ ಹೆಣ್ಣುಮಗಳ ಮೇಲೆ ಬೇರೇನಾದರೂ ನಡೆದಿದೆ ಎಂಬ ಶಂಕೆಯಿದ್ದರೆ ಸ್ನಾನ ಮಾಡಿಸದೆ, ಬಟ್ಟೆ ಬದಲಿಸದೆ ಕರೆದೊಯ್ಯಿರಿ. ಮರ್ಯಾದೆಯ ಹೆಸರಿನಲ್ಲಿ ಆ ರಾತ್ರಿಯನ್ನು ಕಳೆದುಬಿಟ್ಟರೆ ಆಮೇಲೆ ಸತ್ಯ ಹೇಳಲು ಅವಳ ಬಾಯಿಮಾತು ಬಿಟ್ಟು ಇನ್ನೇನೂ ಇರುವುದಿಲ್ಲ.

ಆಸ್ಪತ್ರೆಯಲ್ಲಿ ಮೂತ್ರಕ್ಕೆ ಪಟ್ಟಿ ಅದ್ದಿ ನೋಡಿ 'ಏನೂ ಇಲ್ಲ' ಎಂದರೆ ಅಲ್ಲಿಗೇ ಬಿಡಬೇಡಿ. ಆ ಪಟ್ಟಿ ಕೆಲವು ಗುಂಪಿನ ಔಷಧಿಗಳನ್ನಷ್ಟೇ ಗುರುತಿಸುತ್ತದೆ. ಜೋಲ್‌ಪಿಡೆಮ್ ಅದರ ಕಣ್ಣಿಗೆ ಬೀಳುವುದಿಲ್ಲ. ಮೆಡಿಕೋ ಲೀಗಲ್ ಪ್ರಕರಣವೆಂದು ದಾಖಲಿಸಿ, ರಕ್ತ ಮತ್ತು ಮೂತ್ರವನ್ನು ಮೊಹರು ಮಾಡಿ ಪೊಲೀಸರ ಮೂಲಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಲು ಕೇಳಿ. ನಮ್ಮ ರಾಜ್ಯದ ಮುಖ್ಯ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ರಕ್ತದ ಕೊಳವೆಗೆ ಸೋಡಿಯಂ ಫ್ಲೋರೈಡ್ ಹಾಕುವುದು ಶಾಸ್ತ್ರಕ್ಕಲ್ಲ. ಅದಿಲ್ಲದಿದ್ದರೆ ಕೆಲವು ಔಷಧಿಗಳು ಕೊಳವೆಯೊಳಗೇ ಕರಗಿಹೋಗುತ್ತವೆ. ಮತ್ತು ಬರಿಸಿ ಅಪರಾಧ ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 123ನೇ ಕಲಮಿನಡಿ ಹತ್ತು ವರ್ಷದವರೆಗೆ ಜೈಲಿದೆ.

ತಡವಾಯಿತೇ? ಇನ್ನೂ ಒಂದು ದಾರಿಯಿದೆ, ಕೂದಲು. ಅದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ರಕ್ತದಲ್ಲಿದ್ದುದರ ಗುರುತು ಅದರೊಳಗೆ ಉಳಿಯುತ್ತದೆ. ಸುಮಾರು ನಾಲ್ಕು ವಾರ ಬಿಟ್ಟು ಬುಡದಿಂದ ಕತ್ತರಿಸಿ ಪರೀಕ್ಷಿಸುತ್ತಾರೆ. ಅಲ್ಲಿಯವರೆಗೆ ಬಣ್ಣ, ಬ್ಲೀಚ್ ಬೇಡ. ಒಂದೇ ಒಂದು ಮಾತ್ರೆಯ ಗುರುತು ಸಿಕ್ಕೇ ಸಿಗುತ್ತದೆ ಎಂಬ ಭರವಸೆಯಂತೂ ಇಲ್ಲ. 2020ರ ಬೆಂಗಳೂರಿನ ಸಿನಿಮಾರಂಗದ ಡ್ರಗ್ಸ್ ಪ್ರಕರಣದಲ್ಲಿ ಕೂದಲನ್ನು ಹೈದರಾಬಾದಿನ ಕೇಂದ್ರ ಪ್ರಯೋಗಾಲಯಕ್ಕೆ ಕಳುಹಿಸಿದ್ದರು. ವರದಿ ಬಂದದ್ದು 2021ರ ಆಗಸ್ಟ್‌ನಲ್ಲಿ.

ಇನ್ನೊಂದು ಮಾತು ಹೇಳಲೇಬೇಕು. ಚಿನ್ನದ ಗಣಿಯ ಜಿಲ್ಲೆಯವರಾದ ನಮಗೆ ಸೈನೈಡ್ ಹೊಸ ಹೆಸರಲ್ಲ. ಅದೇ ಸೈನೈಡನ್ನು ಗರ್ಭ ತಡೆಯುವ ಮಾತ್ರೆಯೆಂದು ಮಹಿಳೆಯರಿಗೆ ಕೊಟ್ಟು ಕೊಂದ ದಕ್ಷಿಣ ಕನ್ನಡದ ಮೋಹನ್ ಕುಮಾರ್ 2009ರಲ್ಲಿ ಸಿಕ್ಕಿಬಿದ್ದ. ಅವನ ಮೇಲೆ 20 ಮಹಿಳೆಯರ ಕೊಲೆ ಪ್ರಕರಣಗಳು ದಾಖಲಾದವು. ಊರೂರಿನ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಸಿಕ್ಕ ಶವಗಳು ವರ್ಷಗಟ್ಟಲೆ ಬರೀ ಅಸಹಜ ಸಾವಿನ ಕಡತಗಳಾಗಿದ್ದವು. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಅವನನ್ನು ಮೊದಲ ಬಾರಿಗೆ ದೋಷಿಯೆಂದಿತು.

ಜನಾಝಾ ತಡವಾಗಬಾರದು ಎಂಬುದು ನಮ್ಮೆಲ್ಲರ ಮನಸ್ಸು. ಆದರೆ ಆರೋಗ್ಯವಾಗಿದ್ದವರು ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡರೆ, ಗುಸ್ಲ್‌ಗೆ ಮುಂಚೆಯೇ ಠಾಣೆಗೆ ತಿಳಿಸಿ. ಮರಣೋತ್ತರ ಪರೀಕ್ಷೆಯಲ್ಲಿ ಹೊಟ್ಟೆ, ಪಿತ್ತಕೋಶ, ಮೂತ್ರಪಿಂಡಗಳ ಭಾಗಗಳನ್ನು ಹೆಚ್ಚಾಗಿ ಉಪ್ಪಿನ ದ್ರಾವಣದ ಜಾಡಿಗಳಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಆ ವರದಿಗೆ ತಿಂಗಳುಗಳೇ ಹಿಡಿಯಬಹುದು. ಮಯ್ಯತ್ ಅದಕ್ಕಾಗಿ ಕಾಯಬೇಕಿಲ್ಲ. ಪರೀಕ್ಷೆ ಮುಗಿದ ಕೂಡಲೇ ದಫನಕ್ಕೆ ಒಪ್ಪಿಸುತ್ತಾರೆ.