ಅರ್ಬುದ ರೋಗವನ್ನು ತಡೆಯುವ ಹೊಣೆ ಯಾರದು?

ಬನ್ನೇರುಘಟ್ಟದ ರಸ್ತೆಯಲ್ಲಿರುವ ಹುಳಿಮಾವು, ಹಿಂದೆ ತನ್ನ ಕೆರೆಯನ್ನೂ ಹೊಲತೋಟಗಳನ್ನೂ ನೆಚ್ಚಿಕೊಂಡಿದ್ದ ಗ್ರಾಮವು. ಈಗ ಅದು ಬೆಂಗಳೂರು ನಗರದೊಳಗೆ ಸೇರಿಹೋಗಿರುವುದಷ್ಟೆ. ಊರು ಬದಲಾದಂತೆ ವ್ಯಾಧಿಗಳೂ ಬದಲಾಗಿವೆ. ಸಿಡುಬು, ಪ್ಲೇಗುಗಳ ಭಯವು ಕಳೆದು, ಜನರು ಕ್ಯಾನ್ಸರೆಂದು ಕರೆಯುವ ಅರ್ಬುದ ರೋಗವೂ ಮಧುಮೇಹ, ರಕ್ತದ ಒತ್ತಡಗಳೂ ಮನೆಮನೆಯ ಮಾತಾಗಿವೆ.

ಇವನ್ನು ತಡೆಯುವ ಹೊಣೆ ಯಾರದೆಂದು ವಿಚಾರಿಸಿದರೆ ನಮ್ಮ ಜನರಲ್ಲಿ ಮೂರು ಬಗೆಯ ಉತ್ತರಗಳು ದೊರೆಯುತ್ತವೆ. “ಹಣೆಯ ಬರಹವನ್ನು ಅಳಿಸುವವರಾರು?” ಎನ್ನುವವರು ಕೆಲವರು. “ಮಾಡಿದ್ದುಣ್ಣೋ ಮಹಾರಾಯ” ಎನ್ನುವವರು ಕೆಲವರು. “ಸರ್ಕಾರವು ನೋಡಿಕೊಳ್ಳಲಿ” ಎನ್ನುವವರು ಉಳಿದವರು. ಈ ಮೂರನ್ನೂ ತೂಗಿ ನೋಡುವುದು ಉಚಿತವೆಂದು ಭಾವಿಸುತ್ತೇವೆ.

ಹಣೆಯ ಬರಹವೆಂಬ ಮಾತು ಪೂರ್ತಿಯಾಗಿ ನಿಲ್ಲತಕ್ಕುದಲ್ಲ. ಅರ್ಬುದ ರೋಗಗಳಲ್ಲಿ ನೂರಕ್ಕೆ 30ರಿಂದ 50ರಷ್ಟನ್ನು ತಡೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹೊಗೆಸೊಪ್ಪು ಅವುಗಳ ಕಾರಣಗಳಲ್ಲಿ ಮುಖ್ಯವಾದುದು. ಬೀಡಿ ಸೇದದ ಹೆಂಗಸರೂ ಕಡ್ಡಿಪುಡಿಯನ್ನು ದವಡೆಯಲ್ಲಿಟ್ಟುಕೊಳ್ಳುವುದುಂಟು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಬಾಯಿಯ ಅರ್ಬುದಕ್ಕೆ ಕಾರಣವೆಂದು ಆ ಸಂಸ್ಥೆಯ ತಜ್ಞರು 2004ರಲ್ಲಿ ಪ್ರಕಟಿಸಿದರು.

ಹಾಗಾದರೆ ರೋಗಿಯೇ ಅಪರಾಧಿಯೆ? ಅಲ್ಲ. ವಯಸ್ಸು, ವಂಶ, ಕಾಣದ ಅನೇಕ ಕಾರಣಗಳು ಇರುತ್ತವೆ. ಇಂದು ಬೆಂಗಳೂರಿನ ಸ್ತ್ರೀಯರಲ್ಲಿ ಸ್ತನದ ಅರ್ಬುದವೇ ಹೆಚ್ಚು. ಒಂದು ಚಟವೂ ಇಲ್ಲದ ಗೃಹಿಣಿಗೂ ಅದು ಬರುತ್ತದೆ. “ಏನು ಪಾಪ ಮಾಡಿದ್ದಳೋ” ಎಂಬ ನೆರೆಹೊರೆಯವರ ಮಾತಿಗೆ ಹೆದರಿ ಆಕೆ ಗಂಟನ್ನು ಮುಚ್ಚಿಟ್ಟರೆ, ಗುಣವಾಗಬಹುದಾಗಿದ್ದ ರೋಗವು ಕೈಮೀರುತ್ತದೆ. ನಿಂದೆಯು ರೋಗಕ್ಕೆ ಸಹಾಯವೇ ಹೊರತು ರೋಗಿಗಲ್ಲ.

ಸರ್ಕಾರದ ಪಾಲೂ ಚಿಕ್ಕದಲ್ಲ. ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಯು 1973ರಲ್ಲಿ ಆರಂಭವಾಯಿತು. ನಗರದ ಅರ್ಬುದ ರೋಗಿಗಳ ಲೆಕ್ಕವನ್ನು ಅಲ್ಲಿ 1980ರ ದಶಕದ ಆರಂಭದಿಂದ ಇಡಲಾಗುತ್ತಿದೆ. ಶಾಲೆಗಳಿಂದ 100 ಗಜದೊಳಗೆ ಹೊಗೆಸೊಪ್ಪನ್ನು ಮಾರಕೂಡದೆಂದು 2003ರ ಕಾನೂನು ವಿಧಿಸಿತು. 2013ರಲ್ಲಿ ನಮ್ಮ ರಾಜ್ಯವು ಗುಟ್ಕಾವನ್ನು ನಿಷೇಧಿಸಿತು. ಇವನ್ನು ಬಿಗಿಯಾಗಿ ನಡೆಸುವುದು, ಶುದ್ಧವಾದ ಗಾಳಿಯನ್ನೂ ನಡೆಯಲು ಹಾದಿಯನ್ನೂ ಒದಗಿಸುವುದು, ಮನೆಯವರ ಕೈಲಾಗುವ ಕೆಲಸಗಳಲ್ಲ.

ಆದರೆ ಕಾನೂನು ಹೊಸಿಲಿನ ಬಳಿ ನಿಲ್ಲುತ್ತದೆ. ಅಂಗಡಿಗೆ ಮಗನನ್ನು ಕಳುಹಿಸಿ ಬೀಡಿ ತರಿಸುವ ತಂದೆಯನ್ನು ಯಾವ ಅಧಿಕಾರಿಯೂ ಕಾಣನು. ಸಾರಿಗೆ ಉಪ್ಪನ್ನು ಮಿತವಾಗಿ ಹಾಕುವುದು, ಹೆಣ್ಣುಮಕ್ಕಳಿಗೆ 9ರಿಂದ 14 ವರ್ಷದೊಳಗೆ ಗರ್ಭಕೊರಳಿನ ಅರ್ಬುದವನ್ನು ತಡೆಯುವ ಲಸಿಕೆಯನ್ನು ಹಾಕಿಸುವುದು ಮನೆಯವರ ಪಾಲು. ಎರಡು ಮೂರು ವಾರಗಳಾದರೂ ಮಾಯದ ಬಾಯಿಹುಣ್ಣು, ಮೊಲೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಇವು ಕಂಡೊಡನೆ ವೈದ್ಯರಿಗೆ ತೋರಿಸತಕ್ಕದ್ದು.

ಗೃಹಿಣಿಯರು ಮನೆಯವರೆಲ್ಲರ ಆರೋಗ್ಯವನ್ನು ವಿಚಾರಿಸಿ, ತಮ್ಮದನ್ನು ಕೊನೆಗೆ ಇಡುವುದು ವಾಡಿಕೆ. ಈ ತಿಂಗಳು ಅವರು ತಮ್ಮ ತಪಾಸಣೆಯನ್ನು ಮೊದಲು ಮಾಡಿಸಿಕೊಳ್ಳಲಿ. ಜೊತೆಯಲ್ಲಿ ಹೋಗುವ ಹೊಣೆ ಯಜಮಾನರದೆಂದು ವಿಜ್ಞಾಪಿಸುತ್ತೇವೆ.