ಚಂಬಲ್‌ಗೆ ಹೋದ ಬೆಂಗಳೂರಿನ ಭಾಯೀಜಿ

ಯುವಜನರ ಕೈಗೆ ಗುದ್ದಲಿಯನ್ನೂ ಕೊರಳಿಗೆ ಹಾಡನ್ನೂ ಕೊಟ್ಟ ಎಸ್.ಎನ್. ಸುಬ್ಬರಾವ್ ಅವರ ನೆನಪು

ಖಾಕಿ ಚಡ್ಡಿ, ಬಿಳಿಯ ಖಾದಿ ಅಂಗಿ. ಇಳಿವಯಸ್ಸಿನಲ್ಲೂ ಎಸ್.ಎನ್. ಸುಬ್ಬರಾವ್ ಅವರ ಉಡುಪು ಇದೇ. ಸಾವಿರಾರು ಯುವಕ ಯುವತಿಯರ ಪಾಲಿಗೆ ಅವರು ‘ಭಾಯೀಜಿ’. ಮದುವೆಯಾಗದೆ, ಅಧಿಕಾರದ ಕುರ್ಚಿಯತ್ತ ನೋಡದೆ, ಶಿಬಿರದಿಂದ ಶಿಬಿರಕ್ಕೆ ಓಡಾಡುತ್ತಲೇ ಬದುಕು ಸವೆಸಿದರು. 2021ರ ಅಕ್ಟೋಬರ್ 27ರಂದು ಜೈಪುರದಲ್ಲಿ ತೀರಿಕೊಂಡಾಗ ಅವರಿಗೆ 92 ವರ್ಷ. ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಆದರೆ ಅವರ ಹೆಸರು ಕರ್ನಾಟಕದಾಚೆ ಮೊಳಗಿದಷ್ಟು ಇಲ್ಲಿ ಮೊಳಗಲಿಲ್ಲ.

ಹದಿಮೂರರಲ್ಲೇ ಬಂಧನ

1929ರ ಫೆಬ್ರುವರಿ 7ರಂದು ಹುಟ್ಟಿದ ಸುಬ್ಬರಾವ್, 1942ರಲ್ಲಿ ಇನ್ನೂ ಶಾಲಾ ಬಾಲಕ. ಗಾಂಧೀಜಿ ‘ಕ್ವಿಟ್ ಇಂಡಿಯಾ’ ಎಂದದ್ದೇ ತಡ, ಆ ಘೋಷಣೆಯನ್ನು ಗೋಡೆಯ ಮೇಲೆ ಬರೆದು ಪೊಲೀಸರ ಕೈಗೆ ಸಿಕ್ಕರು. ಮುಂದೆ ಅವರನ್ನು ಸೆಳೆದದ್ದು ಹುಬ್ಬಳ್ಳಿಯ ನಾ.ಸು. ಹರ್ಡೀಕರ್ ಕಟ್ಟಿದ ಸೇವಾದಳ. ಶಿಬಿರ ನಡೆಸುವ ಶಿಸ್ತು ಅಲ್ಲಿ ಕೈಗೂಡಿತು.

ಕಣಿವೆಯಲ್ಲೊಂದು ಆಶ್ರಮ

ಮಧ್ಯಪ್ರದೇಶದ ಮೊರೇನಾ ಜಿಲ್ಲೆಯ ಜೌರಾ, ಚಂಬಲ್ ಡಕಾಯಿತರ ಭಯದಲ್ಲಿ ಬದುಕುತ್ತಿದ್ದ ಸೀಮೆ. 1960ರಲ್ಲಿ ವಿನೋಬಾ ಭಾವೆ ಅಲ್ಲಿ ಪಾದಯಾತ್ರೆ ಮಾಡಿದಾಗ ಕೆಲವು ಡಕಾಯಿತರು ಶರಣಾಗಿದ್ದರು. ಅದೇ ಜೌರಾದಲ್ಲಿ ಸುಬ್ಬರಾವ್ ಮಹಾತ್ಮ ಗಾಂಧಿ ಸೇವಾ ಆಶ್ರಮ ತೆರೆದರು. ದೇಶದ ನಾನಾ ಕಡೆಯ ಯುವಕರನ್ನು ಕರೆಸಿ ಶ್ರಮದಾನ ಮಾಡಿಸಿದರು. 1972ರ ಏಪ್ರಿಲ್‌ನಲ್ಲಿ ಮೋಹರ್ ಸಿಂಗ್, ಮಾಧೋ ಸಿಂಗ್ ಮೊದಲಾದ ಡಕಾಯಿತರು ಜಯಪ್ರಕಾಶ ನಾರಾಯಣರ ಸಮ್ಮುಖದಲ್ಲಿ, ಗಾಂಧೀಜಿಯ ಭಾವಚಿತ್ರದ ಮುಂದೆ ಬಂದೂಕು ಇಳಿಸಿದ್ದು ಈ ನೆಲದಲ್ಲೇ. ಸರ್ವೋದಯ ಕಾರ್ಯಕರ್ತರ ದೊಡ್ಡ ಪಡೆಯೇ ದುಡಿದ ಆ ಕಾರ್ಯದಲ್ಲಿ ಈ ಕನ್ನಡಿಗನ ಪಾಲೂ ಹಿರಿದು. ಶರಣಾದವರ ಮತ್ತು ಅವರಿಂದ ನೊಂದವರ ಕುಟುಂಬಗಳು ಮತ್ತೆ ನೆಲೆಯೂರುವವರೆಗೂ ಆಶ್ರಮ ಜೊತೆಗಿತ್ತು.

ಗುದ್ದಲಿ, ಹಾಡು, ಊಟದ ಪಂಕ್ತಿ

ಅವರು ಕಟ್ಟಿದ ರಾಷ್ಟ್ರೀಯ ಯುವ ಯೋಜನೆಯ ಶಿಬಿರಗಳಲ್ಲಿ ಭಾಷಣಕ್ಕಿಂತ ಬೆವರಿಗೆ ಹೆಚ್ಚು ಜಾಗ. ನಸುಕಿನಲ್ಲಿ ಏಳಬೇಕು, ವ್ಯಾಯಾಮ ಮಾಡಬೇಕು, ಗುದ್ದಲಿ ಹಿಡಿಯಬೇಕು; ಸಂಜೆ ಸರ್ವಧರ್ಮ ಪ್ರಾರ್ಥನೆ. ಕೇರಳದವನ ಪಕ್ಕ ಕಾಶ್ಮೀರದವನು, ಅಸ್ಸಾಮಿನವಳ ಪಕ್ಕ ಗುಜರಾತಿನವಳು ಕೂತು ಉಣ್ಣಬೇಕು, ಒಬ್ಬರ ಹಾಡನ್ನು ಇನ್ನೊಬ್ಬರು ಕಲಿಯಬೇಕು. ಅವರು ರೂಪಿಸಿದ ‘ಭಾರತ್ ಕೀ ಸಂತಾನ್’ ಕಾರ್ಯಕ್ರಮದಲ್ಲಿ 18 ಭಾಷೆಗಳ ಹಾಡುಗಳು ಒಂದೇ ವೇದಿಕೆಯಲ್ಲಿ ಸಾಲಾಗಿ ಬರುತ್ತಿದ್ದವು. ಸ್ವತಃ ಅವರೂ ಹಲವು ಭಾಷೆಗಳಲ್ಲಿ ಕಂಚಿನ ಕಂಠದಿಂದ ಹಾಡುತ್ತಿದ್ದರು.

ದಿನಕ್ಕೆ ಒಂದು ಗಂಟೆ ದೇಹಕ್ಕೆ, ಒಂದು ಗಂಟೆ ದೇಶಕ್ಕೆ: ಅವರು ಕೇಳುತ್ತಿದ್ದದ್ದು ಇಷ್ಟೇ. 1969ರಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನ ರೈಲಿನ ಹೊಣೆ ಹೊತ್ತು ದೇಶ ಸುತ್ತಿದವರು ಅವರು. ಬಾಬರಿ ಮಸೀದಿ ಧ್ವಂಸದ ಬಳಿಕ ಕೋಮುದ್ವೇಷ ಭುಗಿಲೆದ್ದಾಗ, 1993ರಲ್ಲಿ ಯುವಜನರನ್ನೂ ಅವರ ಸೈಕಲ್ಲುಗಳನ್ನೂ ಹತ್ತಿಸಿಕೊಂಡು ಸದ್ಭಾವನಾ ರೈಲು ಹೊರಡಿಸಿದರು. ರೈಲು ನಿಂತ ಊರುಗಳಲ್ಲಿ ಆ ಯುವಕರು ಸೈಕಲ್ ತುಳಿದು ಓಣಿ ಓಣಿಗೆ ಸೌಹಾರ್ದದ ಮಾತು ಒಯ್ದರು.

ನಂಬಿಕೆ ಮೊದಲು

2006ರಲ್ಲಿ ಪದ್ಮಶ್ರೀ ಬಂತು. ಆದರೆ ಅವರ ಹಿರಿಮೆ ಬೇರೆಡೆ ಇದೆ. ಯೋಗ್ಯತೆ ತೋರಿಸು, ಆಮೇಲೆ ನಂಬುತ್ತೇನೆ ಎನ್ನುವುದು ಲೋಕದ ರೀತಿ. ಸುಬ್ಬರಾವ್ ಮೊದಲು ನಂಬಿದರು, ಕೂಡಲೇ ಕೆಲಸ ಒಪ್ಪಿಸಿದರು. ಬಂದೂಕು ಹಿಡಿದವನ ಎದುರೂ ಅದೇ ನಂಬಿಕೆ, ಪರೀಕ್ಷೆಯಲ್ಲಿ ಸೋತು ಕುಗ್ಗಿದ ಹುಡುಗನ ಎದುರೂ ಅದೇ ನಂಬಿಕೆ. ಯಾರೋ ತನ್ನನ್ನು ನೆಚ್ಚಿಕೊಂಡಿದ್ದಾರೆ ಎಂಬ ಅರಿವೇ ಮನುಷ್ಯನನ್ನು ನೆಟ್ಟಗೆ ನಿಲ್ಲಿಸುತ್ತದೆ.

ಅವರ ಅಂತ್ಯಸಂಸ್ಕಾರ ನಡೆದದ್ದು ಜೌರಾ ಆಶ್ರಮದಲ್ಲಿ. ಅವರನ್ನು ನೆನೆಯಲು ನಾವು ಅಷ್ಟು ದೂರ ಹೋಗಬೇಕಿಲ್ಲ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ ಇಂದು ನಮ್ಮ ಊರೂರಿನ ಕಾಲೇಜುಗಳಲ್ಲಿದೆ. ವರ್ಷಕ್ಕೊಮ್ಮೆ ಹಳ್ಳಿಯಲ್ಲಿ ಏಳು ದಿನದ ಶಿಬಿರ ಹೂಡುತ್ತದೆ. ಅಧ್ಯಾಪಕರೇ, ಈ ಸಲ ನೀವೂ ವಿದ್ಯಾರ್ಥಿಗಳ ಜೊತೆ ಗುದ್ದಲಿ ಹಿಡಿಯಿರಿ. ಹೆತ್ತವರೇ, ಮಕ್ಕಳನ್ನು ಅಲ್ಲಿಗೆ ಮನಸಾರೆ ಕಳಿಸಿಕೊಡಿ. ಭಾಯೀಜಿಗೆ ಸಲ್ಲಬೇಕಾದ ಗೌರವ ಅದೇ.