ಕಾಣದ ಚಿತ್ರಗಳ ಕೋಶ

ಪುಸ್ತಕವೊಂದು ಕಳೆದುಹೋದರೆ ಇನ್ನೊಂದು ಪ್ರತಿ ಎಲ್ಲಿಯಾದರೂ ಸಿಕ್ಕೀತು. ಹಳೆಯ ಚಲನಚಿತ್ರಗಳಲ್ಲಿ ಎಷ್ಟೋ ಚಿತ್ರಗಳಿಗೆ ಆ ಭಾಗ್ಯವಿರಲಿಲ್ಲ. ಆಗಿನ ಫಿಲ್ಮು ನೈಟ್ರೇಟಿನದು. ಕಿಡಿ ತಾಕಿದರೆ ಭಗ್ಗನೆ ಉರಿಯುವಂಥದು, ತಾಕದಿದ್ದರೂ ಕಾಲಕ್ರಮದಲ್ಲಿ ಪುಡಿಯಾಗುವಂಥದು. ಹಾಲಿವುಡ್ಡಿನ ಎಂ.ಜಿ.ಎಂ. ಸಂಸ್ಥೆಯ ‘ಲಂಡನ್ ಆಫ್ಟರ್ ಮಿಡ್‌ನೈಟ್’ (1927) ಎಂಬ ಭಯಾನಕ ಚಿತ್ರ ಬೆಂಕಿಯ ಪಾಲಾಯಿತು. ಆದರೂ ಚೂಪು ಹಲ್ಲಿನ, ಎತ್ತರದ ಟೋಪಿಯ ಲಾನ್ ಚಾನಿಯ ಮುಖವನ್ನು ಇಂದಿನ ರಸಿಕರೂ ಬಲ್ಲರು. ಭಯಾನಕ ಚಿತ್ರಗಳ ಆಕರಗ್ರಂಥಗಳಲ್ಲಿ ಅದರ ಕಥಾಸಾರವೂ ಸ್ಥಿರಚಿತ್ರಗಳೂ ಅಚ್ಚಾಗುತ್ತ ಬಂದಿವೆ. ಉಳಿದ ಸ್ಥಿರಚಿತ್ರಗಳನ್ನೇ ಜೋಡಿಸಿ 2002ರಲ್ಲಿ ಆ ಚಿತ್ರದ ನೆರಳೊಂದನ್ನು ಕಟ್ಟಿದರು.

ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಗತಿಯೂ ಬೇರೆಯಲ್ಲ, ಅದರ ಪ್ರತಿ ಉಳಿದಿಲ್ಲ. ವೈ.ವಿ. ರಾವ್ ಅದನ್ನು ಕೊಲ್ಲಾಪುರದಲ್ಲಿ ನಿರ್ದೇಶಿಸಿದರೆಂದೂ, ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ತ್ರಿಪುರಾಂಬ ಸುಲೋಚನೆಯಾಗಿ, ಆರ್. ನಾಗೇಂದ್ರರಾಯರು ರಾವಣನಾಗಿ ನಟಿಸಿದರೆಂದೂ ನಾವಿಂದು ತಿಳಿಯುವುದು ಗ್ರಂಥಗಳಿಂದಲೇ. ಆಶೀಶ್ ರಾಜಾಧ್ಯಕ್ಷ ಮತ್ತು ಪಾಲ್ ವಿಲ್ಲೆಮನ್ ಸಂಪಾದಿಸಿದ ಭಾರತೀಯ ಚಲನಚಿತ್ರ ವಿಶ್ವಕೋಶ (1994) ಅಂಥದೊಂದು ಶ್ರಮದ ಫಲ. ಆದರೆ ಇಂದ್ರಜಿತುವಿನ ಮಾಯೆ ತೆರೆಯ ಮೇಲೆ ಹೇಗೆ ಕಂಡಿತೆಂಬುದನ್ನು ಪಾತ್ರಗಳ ಪಟ್ಟಿ ಹೇಳಲಾರದು. ಕೋಶಕಾರನು ಚಿತ್ರವನ್ನು ತಾನೇ ನೋಡಿ ಬರೆದನೋ, ಹಿಂದಿನವರ ಬರಹವನ್ನು ನಂಬಿ ಬರೆದನೋ ಎಂದು ಓದುಗನು ವಿಚಾರಿಸಲೇಬೇಕು. ಒಬ್ಬರ ತಪ್ಪು ಹತ್ತು ಗ್ರಂಥಗಳವರೆಗೆ ನಡೆದುಬರುವುದುಂಟು.